ಗೃಹಸ್ಥರ ಯಂತ್ರವಿಚಾರ: ಕಿಡಿ ಹುಟ್ಟದ ಬಂಡಿ

ನಿದಾನವೆಂದರೆ ರೋಗದ ಮೂಲಕಾರಣ, ನಿಧಾನವೆಂದರೆ ತ್ವರೆಯಿಲ್ಲದಿರುವಿಕೆ. ಎರಡು ಶಬ್ದಗಳಿಗೂ ಒಂದು ಅಲ್ಪಪ್ರಾಣ ಮಹಾಪ್ರಾಣದಷ್ಟೇ ಅಂತರ. ಪಾಠಶಾಲೆಯಲ್ಲಿ ಹುಡುಗರು ಒಂದನ್ನು ಬರೆಯುವಲ್ಲಿ ಮತ್ತೊಂದನ್ನು ಬರೆದಾಗ ನಾವು ಕೆಂಪು ಶಾಯಿಯಿಂದ ತಿದ್ದುತ್ತಿದ್ದೆವು. ಆದರೆ ನಿಧಾನವಿಲ್ಲದೆ ನಿದಾನವಾಗದೆಂಬುದನ್ನು ವಯಸ್ಸಾದಂತೆಲ್ಲ ಹೆಚ್ಚು ಹೆಚ್ಚಾಗಿ ಕಾಣುತ್ತ ಬಂದಿದ್ದೇವೆ. ಮನುಷ್ಯಶರೀರಕ್ಕೆ ಸಲ್ಲುವ ಈ ಮಾತು ಮನೆಯ ಯಂತ್ರಗಳಿಗೂ ಸಲ್ಲುವುದು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಅಮೆರಿಕದಲ್ಲಿ ನೆಲಸಿದ್ದಾರೆ. ಅವರ ಮನೆಯಲ್ಲಿ ಮೂವತ್ತು ವರ್ಷಕ್ಕೂ ಹಳೆಯದಾದ ಒಂದು ಪೆಟ್ರೋಲ್ ಪಿಕಪ್ ಟ್ರಕ್ಕು ಇದೆಯಂತೆ. ಅದು ಬಿಸಿಯೇರಿದ ಮೇಲೆ ದಾರಿಯಲ್ಲಿ ತಟ್ಟನೆ ನಿಲ್ಲುತ್ತದೆ. ಅರ್ಧ ಗಂಟೆ ಕಳೆದರೆ ಏನೂ ಆಗದಂತೆ ಹೊರಡುತ್ತದೆ. ಈಗ ಕೆಲವು ದಿನಗಳಿಂದ ಹೊರಡುವುದೇ ಇಲ್ಲ. ದುರಸ್ತಿಯವರು ಮೊದಲು ಪ್ಲಗ್ಗುಗಳನ್ನೂ, ಆಮೇಲೆ ಕಾಯಿಲನ್ನೂ, ಆಮೇಲೆ ಪೆಟ್ರೋಲ್ ಪಂಪನ್ನೂ ಬದಲಾಯಿಸಿ ಮೂರು ಸಲ ಹಣ ಪಡೆದರು. ರೋಗ ಇದ್ದಲ್ಲೇ ಇದೆ. ಆ ಬಂಡಿಯನ್ನು ಕೆಲಸಕ್ಕೆ ನಡೆಸಿಕೊಂಡು ಹೋಗತಕ್ಕವರು ಅವರ ಧರ್ಮಪತ್ನಿ. ಹೆದ್ದಾರಿಯ ನಡುವೆ, ಹಿಂದೆ ಮುಂದೆ ವಾಹನಗಳು ಗಾಳಿಯಂತೆ ಓಡುತ್ತಿರುವಾಗ, ಎಂಜಿನ್ನು ನಿಂತುಹೋದರೆ ಗತಿಯೇನು? ಇದು ಕೇವಲ ಹಣದ ಪ್ರಶ್ನೆಯಲ್ಲವೆಂದು ಅವರು ಬರೆದಿರುವುದು ಯುಕ್ತವಾಗಿಯೇ ಇದೆ. ಇಂಥ ಬಂಡಿಯ ವಿಷಯದಲ್ಲಿ ಗೃಹಸ್ಥನು ತಾನೇ ಎಷ್ಟರ ಮಟ್ಟಿಗೆ ಪರೀಕ್ಷೆಮಾಡಬಹುದೆಂಬುದನ್ನು ಈ ಸಲ ವಿಚಾರಿಸೋಣ.

ವಾಚಕರಲ್ಲಿ ಕೆಲವರಿಗೆ ಮೊದಲೇ ಒಂದು ಸಂದೇಹವುಂಟಾದೀತು. ನಮ್ಮ ನಾಡಿನಲ್ಲಿ ಲಾರಿಗಳೆಂದರೆ ಬಹುಮಟ್ಟಿಗೆ ಡೀಸೆಲಿನವು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೆಂಬುದೇ ಇಲ್ಲ. ಅಲ್ಲಿ ಗಾಳಿಯನ್ನು ಬಲವಾಗಿ ಅದುಮುವುದರಿಂದ ಹುಟ್ಟುವ ಶಾಖವೇ ಎಣ್ಣೆಯನ್ನು ಹೊತ್ತಿಸುತ್ತದೆ. ಅಮೆರಿಕದ ಗೃಹಸ್ಥರು ಬಳಸುವ ಪಿಕಪ್ ಟ್ರಕ್ಕುಗಳಾದರೋ ಹೆಚ್ಚಾಗಿ ಪೆಟ್ರೋಲಿನವು. ಅಲ್ಲಿ ಗಾಳಿಯೊಡನೆ ಬೆರೆತ ಪೆಟ್ರೋಲನ್ನು ಹೊತ್ತಿಸಲು ಸಕಾಲದಲ್ಲಿ ಒಂದು ಕಿಡಿ ಬೇಕು. ಗಾಳಿ, ಪೆಟ್ರೋಲು, ಕಿಡಿ, ಅದುಮು ಎಂಬ ನಾಲ್ಕರಲ್ಲಿ ಒಂದು ತಪ್ಪಿದರೂ ಎಂಜಿನ್ನು ಹೊರಡದು.

ಉದಾಹರಣೆಗಾಗಿ ಪ್ರಸಿದ್ಧವಾದ ಒಂದು ಬಂಡಿಯನ್ನೇ ಹಿಡಿಯೋಣ. ಫೋರ್ಡ್ ಎಫ್-೧೫೦ ಎಂಬ ಟ್ರಕ್ಕಿನ ಆರು ಸಿಲಿಂಡರಿನ ೪.೯ ಲೀಟರ್ ಎಂಜಿನ್ನಿಗೆ ೧೯೮೭ರಲ್ಲಿ ಕಾರ್ಬ್ಯುರೇಟರು ಹೋಗಿ ಇಂಜೆಕ್ಟರುಗಳು ಬಂದವು. ಅದರಲ್ಲಿ ಕಿಡಿ ಹುಟ್ಟುವ ಬಗೆ ಹೀಗೆ: ಬೀಗದ ಕೈಯನ್ನು ತಿರುಗಿಸಿದೊಡನೆ ಬ್ಯಾಟರಿಯ ೧೨ ವೋಲ್ಟಿನ ವಿದ್ಯುತ್ತು ಕಾಯಿಲಿನ ಧನಧ್ರುವಕ್ಕೆ ಬರುತ್ತದೆ. ಕಾಯಿಲಿನ ಋಣಧ್ರುವವನ್ನು ಮಾಡ್ಯೂಲೆಂಬ ಸಣ್ಣ ಪೆಟ್ಟಿಗೆಯು ಭೂಮಿಗೆ, ಎಂದರೆ ಎಂಜಿನ್ನಿನ ಮೈಗೆ, ಕೂಡಿಸುತ್ತಲೂ ಬಿಡಿಸುತ್ತಲೂ ಇರುತ್ತದೆ. ಬಿಡಿಸಿದ ಕ್ಷಣದಲ್ಲಿ ಕಾಯಿಲಿನ ಒಳಸುತ್ತಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ಒತ್ತಡ ಹುಟ್ಟುವುದು. ಇದು ೧೮೩೧ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದ ಪ್ರೇರಣೆಯ ತತ್ತ್ವವೇ. ಆ ಒತ್ತಡವು ದಪ್ಪ ತಂತಿಯ ಮೂಲಕ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೂ, ಒಳಗೆ ತಿರುಗುವ ರೋಟರಿನಿಂದ ಸರದಿಯ ಪ್ರಕಾರ ಒಂದೊಂದು ಪ್ಲಗ್ಗಿಗೂ ಹೋಗುತ್ತದೆ. ಸರದಿಯೂ ನಿಯತವಾದದ್ದು: ೧-೫-೩-೬-೨-೪.

ಇನ್ನು ಮಾಡ್ಯೂಲಿಗೆ ಯಾವಾಗ ಬಿಡಿಸಬೇಕೆಂದು ಹೇಳುವವರಾರು? ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಒಂದು ಹಾಲ್ ಸಂವೇದಕವಿದೆ. ೧೮೭೯ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ವಾಂಸನು ಕಂಡುಹಿಡಿದ ಅಯಸ್ಕಾಂತದ ಗುಣವೇ ಇದಕ್ಕೆ ಆಧಾರ. ಕಿಟಕಿಗಳುಳ್ಳ ಒಂದು ತೆಳುಬಟ್ಟಲು ಅದರ ಮುಂದೆ ತಿರುಗುವಾಗ ಸಂವೇದಕವು ಒಂದು ಸಂಕೇತವನ್ನು ಕೊಡುತ್ತದೆ. ಇದನ್ನು ಆ ಕಾರ್ಖಾನೆಯವರು ಪಿಪ್ ಎನ್ನುತ್ತಾರೆ. ಈ ಸಂಕೇತವು ಮಾಡ್ಯೂಲಿಗೂ, ಅಲ್ಲಿಂದ ಬಂಡಿಯ ಕಂಪ್ಯೂಟರಿಗೂ ಹೋಗುವುದು. ಕಂಪ್ಯೂಟರು ಅದನ್ನು ನೋಡಿಯೇ ಇಂಜೆಕ್ಟರುಗಳನ್ನು ತೆರೆಯುತ್ತದೆ. ಮತ್ತು ಕಿಡಿಯ ಕಾಲವನ್ನು ತಿದ್ದಿ ಸ್ಪೌಟ್ ಎಂಬ ಮರುಸಂಕೇತವನ್ನು ಮಾಡ್ಯೂಲಿಗೆ ಕಳುಹಿಸುತ್ತದೆ. ಒಂದೇ ಸಂಕೇತದಿಂದ ಕಿಡಿಯೂ ಪೆಟ್ರೋಲೂ ಎರಡೂ ನಡೆಯುತ್ತವೆಂಬುದನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ಪರೀಕ್ಷೆಯ ಮುಖ್ಯವಾದ ಗಂಟು ಇಲ್ಲಿಯೇ ಬಿಚ್ಚುವುದು.

ನಮ್ಮ ತಾರ್ಕಿಕರು ಅನ್ವಯ ವ್ಯತಿರೇಕಗಳೆಂದು ಎರಡು ದಾರಿಗಳನ್ನು ಹೇಳಿದ್ದಾರೆ. ಹೊಗೆಯಿರುವ ಕಡೆ ಬೆಂಕಿಯಿದೆ, ಅಡಿಗೆಯ ಮನೆಯಂತೆ. ಬೆಂಕಿಯಿಲ್ಲದ ಕಡೆ ಹೊಗೆಯಿಲ್ಲ, ಕೆರೆಯಂತೆ. ಕಾರಣವಿದ್ದರೆ ಕಾರ್ಯ, ಇಲ್ಲದಿದ್ದರೆ ಇಲ್ಲ. ಬಂಡಿಯ ಪರೀಕ್ಷೆಯೂ ಇಷ್ಟೇ. ಕಿಡಿಯ ದಾರಿಯುದ್ದಕ್ಕೂ ಒಂದೊಂದು ಕಟ್ಟೆಯಲ್ಲಿ ನಿಂತು, ಇಲ್ಲಿಯವರೆಗೆ ಬಂದಿದೆಯೇ ಇಲ್ಲವೇ ಎಂದು ಕೇಳಬೇಕು. ಬಂದಿದ್ದರೆ ಹಿಂದಿನದೆಲ್ಲವೂ ನಿರ್ದೋಷ. ಬಾರದಿದ್ದರೆ ಮುಂದಿನದನ್ನು ಮುಟ್ಟುವ ಕಾರಣವಿಲ್ಲ. ಹೀಗೆ ಮಾಡದೆ ಭಾಗಗಳನ್ನು ಒಂದಾದಮೇಲೊಂದರಂತೆ ಬದಲಾಯಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಕೆಲಸಕ್ಕೆ ತೊಡಗುವ ಮುನ್ನ ಎಚ್ಚರಿಕೆಯ ಮಾತು. ಕಾಯಿಲಿನ ಒತ್ತಡವು ಬಲವಾದ ಆಘಾತವನ್ನು ಕೊಡಬಲ್ಲುದು. ಹೃದಯದಲ್ಲಿ ಪೇಸ್‌ಮೇಕರ್ ಇರಿಸಿಕೊಂಡವರು ಈ ಕೆಲಸದ ಹತ್ತಿರ ಬರಕೂಡದು. ಪ್ಲಗ್ಗಿನ ತಂತಿಯನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆಯ ಚಾಳಿಯನ್ನು ಬಿಡತಕ್ಕದ್ದು. ಪೆಟ್ರೋಲಿನ ವಾಸನೆಯಿದ್ದರೆ ಗಾಳಿಯಾಡುವವರೆಗೆ ಕಾಯಬೇಕು. ಬಂಡಿಯ ಚಕ್ರಕ್ಕೆ ಅಡ್ಡವಿಟ್ಟು, ಕೈಬ್ರೇಕು ಎಳೆದು, ಗೇರನ್ನು ಪಾರ್ಕಿನಲ್ಲೋ ನ್ಯೂಟ್ರಲಿನಲ್ಲೋ ಇರಿಸಿ, ಸಡಿಲವಾದ ಉಡುಪನ್ನು ಬೆಲ್ಟು ಫ್ಯಾನುಗಳಿಂದ ದೂರವಿಡಬೇಕು. ಕೀಲಿ ತಿರುಗಿಸಲು ಒಬ್ಬರು ಒಳಗೆ ಕುಳಿತಿರಬೇಕು. ಹೇಳಿದಾಗ ಮಾತ್ರ ತಿರುಗಿಸತಕ್ಕದ್ದು. ಸಲಕರಣೆಗಳು ಸ್ವಲ್ಪವೇ: ಒಂದು ಟೆಸ್ಟ್ ಲ್ಯಾಂಪು, ಒಂದು ವೋಲ್ಟ್‌ಮೀಟರು, ಒಂದು ಸ್ಪಾರ್ಕ್ ಟೆಸ್ಟರು, ಇಂಜೆಕ್ಟರಿನ ಕನೆಕ್ಟರಿಗೆ ಸಿಕ್ಕಿಸುವ ನಾಯ್ಡ್ ಎಂಬ ಪುಟ್ಟ ದೀಪ.

ಮೊದಲನೆಯದಾಗಿ ಬ್ಯಾಟರಿ. ಸುಮ್ಮನಿರುವಾಗ ಅದು ಸುಮಾರು ೧೨.೬ ವೋಲ್ಟು ತೋರಬೇಕು. ಸ್ಟಾರ್ಟರು ಎಂಜಿನ್ನನ್ನು ತಿರುಗಿಸುವಾಗ ೧೦ ವೋಲ್ಟಿನಿಂದ ಬಹಳ ಕೆಳಗೆ ಇಳಿಯಕೂಡದು. ಬ್ಯಾಟರಿ ಸೋತಿದ್ದರೆ ಸ್ಟಾರ್ಟರು ಹೇಗೋ ತಿರುಗಿದರೂ ಮಾಡ್ಯೂಲಿಗೂ ಕಂಪ್ಯೂಟರಿಗೂ ಸಾಲದೆ ಹೋದೀತು. ಧ್ರುವಗಳಲ್ಲಿ ಕಟ್ಟಿರುವ ಬಿಳಿಯ ಕಿಲುಬನ್ನು ತೆಗೆದು, ಎಂಜಿನ್ನಿನ ಮೈಗೆ ಹೋಗುವ ಭೂತಂತಿ ಭದ್ರವಾಗಿದೆಯೇ ಎಂದು ಅಲುಗಿಸಿ ನೋಡಬೇಕು. ಇಲ್ಲೊಂದು ಸೂಕ್ಷ್ಮ: ಬಂಡಿಯ ಕಂಪ್ಯೂಟರು ತಾನು ಕಂಡ ದೋಷಗಳನ್ನು ಅಂಕಿಗಳಾಗಿ ನೆನಪಿಟ್ಟುಕೊಂಡಿರುತ್ತದೆ. ೧೪ ಎಂದರೆ ಪಿಪ್ ಸಂಕೇತದ ದೋಷ, ೧೮ ಎಂದರೆ ಸ್ಪೌಟ್ ಕಡೆಯ ದೋಷ. ಬ್ಯಾಟರಿಯ ತಂತಿಯನ್ನು ಬಿಚ್ಚಿದರೆ ಆ ನೆನಪು ಅಳಿಸಿಹೋಗುವುದು. ಆದುದರಿಂದ ಅಂಕಿಗಳನ್ನು ಮೊದಲು ಓದಿಸಿ ಆಮೇಲೆ ಬಿಚ್ಚುವುದು ಲೇಸು.

ಎರಡನೆಯದು ಕಿಡಿಯ ಸಾಕ್ಷಾತ್ ದರ್ಶನ. ಕಾಯಿಲಿನಿಂದ ಬರುವ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ಕಿತ್ತು ಸ್ಪಾರ್ಕ್ ಟೆಸ್ಟರಿಗೆ ಸಿಕ್ಕಿಸಿ, ಟೆಸ್ಟರನ್ನು ಎಂಜಿನ್ನಿನ ಲೋಹಕ್ಕೆ ಕಚ್ಚಿಸಿ, ಎಂಜಿನ್ನು ತಿರುಗಿಸಬೇಕು. ಚಟಚಟನೆ ನೀಲಿಯ ಕಿಡಿ ಹಾರಿದರೆ ಕಾಯಿಲು, ಮಾಡ್ಯೂಲು, ಸಂವೇದಕ ಮೂರೂ ಆ ಹೊತ್ತಿಗೆ ಸರಿಯಾಗಿವೆ. ಇಲ್ಲಿ ಕಿಡಿಯಿದ್ದು ಪ್ಲಗ್ಗಿನ ತಂತಿಯ ತುದಿಯಲ್ಲಿ ಇಲ್ಲದಿದ್ದರೆ ದೋಷವು ನಡುವಣ ಮುಚ್ಚಳ, ರೋಟರು, ತಂತಿಗಳಲ್ಲಿ. ಮುಚ್ಚಳದ ಒಳಮೈಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆಯೋ ತೇವವೋ ಇದ್ದರೆ ವಿದ್ಯುತ್ತು ಅಡ್ಡದಾರಿ ಹಿಡಿದಿದೆಯೆಂದು ತಿಳಿಯಬೇಕು. ಎರಡು ಕಡೆಯಲ್ಲಿಯೂ ಒಳ್ಳೆಯ ಕಿಡಿಯಿದ್ದರೆ ಪೆಟ್ರೋಲಿನ ಕಡೆಗೆ ತಿರುಗತಕ್ಕದ್ದು. ಕಿಡಿಯ ಗೊಡವೆ ಮುಗಿಯಿತು.

ಮೂರನೆಯದಾಗಿ, ಕಾಯಿಲಿನ ತಂತಿಯಲ್ಲಿಯೇ ಕಿಡಿಯಿಲ್ಲದಿದ್ದರೆ, ಮುಚ್ಚಳವನ್ನು ಬಿಚ್ಚಿ ಎಂಜಿನ್ನು ತಿರುಗಿಸಿದಾಗ ರೋಟರು ತಿರುಗುತ್ತದೆಯೇ ಎಂದು ಕಣ್ಣಿನಿಂದ ನೋಡಬೇಕು. ಇದು ಅರ್ಧ ನಿಮಿಷದ ಕೆಲಸ. ಆದರೂ ಬಹುಮಂದಿ ಬಿಟ್ಟುಬಿಡುತ್ತಾರೆ. ರೋಟರು ತಿರುಗದಿದ್ದರೆ ಒಳಗಣ ಹಲ್ಲುಚಕ್ರವೋ ಅದರ ಪಿನ್ನೋ ಮುರಿದಿದೆ. ಆಗ ವಿದ್ಯುತ್ತನ್ನು ಎಷ್ಟು ಶೋಧಿಸಿದರೂ ಪ್ರಯೋಜನವಿಲ್ಲ.

ನಾಲ್ಕನೆಯದು ಟೆಸ್ಟ್ ಲ್ಯಾಂಪಿನ ಪರೀಕ್ಷೆ. ದೀಪದ ಒಂದು ತುದಿಯನ್ನು ಎಂಜಿನ್ನಿನ ಲೋಹಕ್ಕೆ ಕಚ್ಚಿಸಿ, ಕೀಲಿಯನ್ನು ತಿರುಗಿಸಿಟ್ಟು, ಮತ್ತೊಂದು ತುದಿಯಿಂದ ಕಾಯಿಲಿನ ಧನಧ್ರುವವನ್ನು ಮುಟ್ಟಬೇಕು. ದೀಪ ಉರಿಯಬೇಕು. ಎಂಜಿನ್ನು ತಿರುಗಿಸುವಾಗಲೂ ಉರಿಯುತ್ತಲೇ ಇರಬೇಕು; ಕೀಲಿಯ ಸ್ವಿಚ್ಚಿನೊಳಗೆ ಓಡುವ ಸ್ಥಾನಕ್ಕೂ ಹೊರಡಿಸುವ ಸ್ಥಾನಕ್ಕೂ ಸಂಪರ್ಕಗಳು ಬೇರೆಬೇರೆಯಾದುದರಿಂದ ಒಂದಿದ್ದು ಮತ್ತೊಂದು ಕೆಟ್ಟಿರುವುದುಂಟು. ಈಗ ಋಣಧ್ರುವವನ್ನು ಮುಟ್ಟಬೇಕು. ಎಂಜಿನ್ನು ನಿಂತಿರುವಾಗ ಇಲ್ಲಿ ದೀಪ ಉರಿದರೆ ಕಾಯಿಲಿನ ಹೊರಸುತ್ತು ತುಂಡಾಗಿಲ್ಲ. ಎಂಜಿನ್ನು ತಿರುಗುವಾಗ ದೀಪವು ಮಿನುಗಿದರೆ ಮಾಡ್ಯೂಲು ಕೂಡಿಸುವ ಬಿಡಿಸುವ ಕೆಲಸವನ್ನು ಮಾಡುತ್ತಿದೆ. ಮಿನುಗಿಯೂ ಕಿಡಿಯಿಲ್ಲವೆಂದರೆ ಕಾಯಿಲೇ ಅಪರಾಧಿ, ಇಲ್ಲವೇ ಅದರ ದಪ್ಪ ತಂತಿ. ಕಾಯಿಲನ್ನು ಓಮ್‌ಮೀಟರಿನಿಂದ ಅಳೆಯಬಹುದು: ಹೊರಸುತ್ತು ೦.೩ರಿಂದ ೧ ಓಮಿನವರೆಗೆ, ಒಳಸುತ್ತು ೬,೫೦೦ರಿಂದ ೧೧,೫೦೦ ಓಮಿನವರೆಗೆ ಇದ್ದರೆ ಸರಿ.

ದೀಪ ಸ್ಥಿರವಾಗಿ ಉರಿದು ಮಿನುಗದೆ ಹೋದರೆ ಮಾಡ್ಯೂಲೋ ಸಂವೇದಕವೋ ಎಂಬ ಸಂಶಯ ಬರುವುದು. ಅನೇಕರ ಹಣ ಹಾಳಾಗುವುದು ಈ ಘಟ್ಟದಲ್ಲಿಯೇ. ಆದರೆ ನಾವು ಹಿಂದೆ ಹೇಳಿದ ಗಂಟನ್ನು ಇಲ್ಲಿ ಬಿಚ್ಚಬಹುದು. ಇಂಜೆಕ್ಟರುಗಳು ತೆರೆಯುವುದು ಪಿಪ್ ಸಂಕೇತದಿಂದ. ಕೈಗೆಟುಕುವ ಒಂದು ಇಂಜೆಕ್ಟರಿನ ಕನೆಕ್ಟರನ್ನು ಕಳಚಿ ನಾಯ್ಡ್ ದೀಪವನ್ನು ಸಿಕ್ಕಿಸಿ ಎಂಜಿನ್ನು ತಿರುಗಿಸಿದಾಗ ಆ ದೀಪವು ಮಿಣಮಿಣನೆ ಮಿನುಗಿದರೆ, ಸಂವೇದಕವು ಸಂಕೇತ ಕೊಡುತ್ತಿದೆ, ಕಂಪ್ಯೂಟರು ಅದನ್ನು ಕೇಳುತ್ತಿದೆ. ಕಿಡಿ ಮಾತ್ರ ಇಲ್ಲ. ಆಗ ಸಂಶಯವು ಮಾಡ್ಯೂಲಿನ ಮೇಲೆಯೇ ನಿಲ್ಲುವುದು. ನಾಯ್ಡೂ ಮಿನುಗದಿದ್ದರೆ ಕಿಡಿಗೂ ಪೆಟ್ರೋಲಿಗೂ ಸಮಾನವಾದ ಕಾರಣವೊಂದು ತಪ್ಪಿದೆಯೆಂದಾಯಿತು. ಕೀಲಿ ತಿರುಗಿಸಿದೊಡನೆ ಪೆಟ್ರೋಲ್ ಪಂಪಿನ ಗುಂಯ್ಗುಡುವ ಶಬ್ದವು ಸುಮಾರು ಒಂದು ಸೆಕೆಂಡು ಕೇಳಿಸಬೇಕು. ಕೇಳಿಸದಿದ್ದರೆ ಕಂಪ್ಯೂಟರಿಗೆ ವಿದ್ಯುತ್ತು ಬರುತ್ತಿದೆಯೇ ಎಂದು ಅದರ ರಿಲೇಯನ್ನು ಮೊದಲು ನೋಡತಕ್ಕದ್ದು. ಕೇಳಿಸಿದರೆ, ಪಿಪ್ ತಂತಿಯಲ್ಲಿ ವೋಲ್ಟ್‌ಮೀಟರನ್ನು ಇರಿಸಿ ಎಂಜಿನ್ನನ್ನು ಮೆಲ್ಲನೆ ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ಮುಳ್ಳು ಒಮ್ಮೆ ಶೂನ್ಯದ ಬಳಿಗೂ ಒಮ್ಮೆ ಬ್ಯಾಟರಿಯ ವೋಲ್ಟಿನ ಬಳಿಗೂ ಓಲಾಡಿದರೆ ಸಂವೇದಕವು ಜೀವಂತವಾಗಿದೆ. ಒಂದೆಡೆಯೇ ನಿಂತರೆ ಸಂವೇದಕವೇ ಸತ್ತಿರುವ ಸಂಭವ ಹೆಚ್ಚು.

ಕಂಪ್ಯೂಟರಿನ ಮರುಸಂಕೇತವೇ ಕೆಟ್ಟು ಮಾಡ್ಯೂಲನ್ನು ಕಟ್ಟಿಹಾಕಿರುವುದು ಅಪರೂಪ. ಅದನ್ನು ನೋಡುವುದೂ ಸುಲಭವೇ. ಡಿಸ್ಟ್ರಿಬ್ಯೂಟರಿನ ಹತ್ತಿರ ಸ್ಪೌಟ್ ತಂತಿಗೆ ಒಂದು ಸಣ್ಣ ಕೊಂಡಿಯಿದೆ. ಅದನ್ನು ಕಿತ್ತು ಎಂಜಿನ್ನು ತಿರುಗಿಸಿದಾಗ ಕಿಡಿ ಕಾಣಿಸಿಕೊಂಡರೆ ದೋಷವು ಆ ತಂತಿಯದು ಅಥವಾ ಕಂಪ್ಯೂಟರಿನದು. ಆ ಮರುಸಂಕೇತವಿಲ್ಲದೆಯೇ ಮಾಡ್ಯೂಲು ಮೂಲಕಾಲದಲ್ಲಿ ಕಿಡಿ ಕೊಡಬಲ್ಲುದು.

ಇನ್ನು ಬಿಸಿಯೇರಿದಾಗ ನಿಂತು ತಣಿದಾಗ ಹೊರಡುವ ರೋಗದ ಮಾತು. ಆ ಕಾಲದ ಫೋರ್ಡ್ ಬಂಡಿಗಳಲ್ಲಿ ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರಿನ ಪಕ್ಕೆಗೇ ತಿರುಪಿನಿಂದ ಬಿಗಿದಿದ್ದರು. ಎಂಜಿನ್ನಿನ ಶಾಖವೆಲ್ಲ ಅದಕ್ಕೆ ತಾಕುತ್ತಿತ್ತು. ಈ ವಿಷಯವಾಗಿ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ ನ್ಯಾಯಾಲಯದಲ್ಲಿ ದೊಡ್ಡ ವ್ಯಾಜ್ಯವೇ ನಡೆಯಿತು. ೨೦೦೦ನೆಯ ಇಸವಿಯ ಅಕ್ಟೋಬರಿನಲ್ಲಿ ನ್ಯಾಯಾಧೀಶರು ಇದು ಸುರಕ್ಷತೆಗೆ ಸಂಬಂಧಪಟ್ಟ ದೋಷವೆಂದು ನಿರ್ಣಯಿಸಿ ಬಂಡಿಗಳನ್ನು ಹಿಂದಕ್ಕೆ ಕರೆಯುವಂತೆ ಆಜ್ಞೆಮಾಡಿದರು. ಕಂಪೆನಿಯವರು ದೋಷವನ್ನು ಒಪ್ಪಲಿಲ್ಲ. ೨೦೦೧ರಲ್ಲಿ ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. ಆಮೇಲಣ ಟ್ರಕ್ಕುಗಳಲ್ಲಿ ಮಾಡ್ಯೂಲು ಡಿಸ್ಟ್ರಿಬ್ಯೂಟರನ್ನು ಬಿಟ್ಟು ದೂರದ ತಣ್ಣನೆಯ ಜಾಗಕ್ಕೆ ಹೋಗಿತ್ತು.

ಇದನ್ನು ಕೇಳಿದವರು ಬಿಸಿಯಾದಾಗ ನಿಂತರೆ ಮಾಡ್ಯೂಲೇ ಕಾರಣವೆಂದು ಒಡನೆಯೇ ಸಾಧಿಸಲು ಹೊರಡುತ್ತಾರೆ. ತರ್ಕಶಾಸ್ತ್ರದಲ್ಲಿ ಇಂಥದನ್ನು ಸವ್ಯಭಿಚಾರವೆಂಬ ಹೇತ್ವಾಭಾಸವೆನ್ನುತ್ತಾರೆ. ಹೇತುವು ಸಾಧ್ಯವಿರುವ ಕಡೆಯೂ ಇಲ್ಲದ ಕಡೆಯೂ ಕಾಣುವುದಾದರೆ ಅದರಿಂದ ಯಾವ ನಿರ್ಣಯವೂ ಆಗದು. ಬಿಸಿಯಲ್ಲಿ ಕೆಟ್ಟು ತಂಪಿನಲ್ಲಿ ಚೇತರಿಸಿಕೊಳ್ಳುವ ಸ್ವಭಾವವು ಮಾಡ್ಯೂಲಿಗೂ ಉಂಟು, ಹಾಲ್ ಸಂವೇದಕಕ್ಕೂ ಉಂಟು. ಒಮ್ಮೊಮ್ಮೆ ಕಾಯಿಲಿಗೂ ಉಂಟು. ಆದುದರಿಂದ ರೋಗವನ್ನು ಅದು ಪ್ರಕಟವಾಗಿರುವಾಗಲೇ ಹಿಡಿಯಬೇಕು. ತಣಿದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದು. ಸ್ಪಾರ್ಕ್ ಟೆಸ್ಟರನ್ನೂ ಎರಡು ದೀಪಗಳನ್ನೂ ಬಂಡಿಯಲ್ಲಿಯೇ ಇಟ್ಟುಕೊಂಡು, ರಸ್ತೆಯ ಬದಿಗೆ ಸುರಕ್ಷಿತವಾಗಿ ಸರಿದು ನಿಂತ ಹೊತ್ತಿನಲ್ಲಿ, ಮೇಲಿನ ಕ್ರಮದಲ್ಲಿ ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುವುದು. ಹೆದ್ದಾರಿಯ ಅಂಚಿನಲ್ಲಿ ಮಾತ್ರ ಈ ಕೆಲಸಕ್ಕೆ ಕೈಹಾಕಬಾರದು. ಮನೆಯಂಗಳದಲ್ಲಿ ಎಂಜಿನ್ನನ್ನು ಬಹಳ ಹೊತ್ತು ಓಡಿಸಿ ಬಿಸಿಮಾಡಿ, ಅದು ತಾನೇ ನಿಲ್ಲುವವರೆಗೆ ಕಾಯುವುದು ಅದಕ್ಕಿಂತ ಮೇಲು. ಬಿಡಿಭಾಗದ ಅಂಗಡಿಯಲ್ಲಿ ಮಾಡ್ಯೂಲನ್ನು ಪರೀಕ್ಷಿಸಿಕೊಡುವವರಿದ್ದರೆ ಒಂದು ಸಲದ ಪರೀಕ್ಷೆಗೆ ತೃಪ್ತರಾಗದೆ, ಅದು ಬಿಸಿಯಾಗುವವರೆಗೆ ಮೇಲಿಂದ ಮೇಲೆ ಮಾಡಿಸಬೇಕು.

ಮಾಡ್ಯೂಲೇ ಕೆಟ್ಟಿದೆಯೆಂದು ಖಚಿತವಾದ ಮೇಲೆ ಕೊಳ್ಳುವಲ್ಲಿಯೂ ಕೂಡಿಸುವಲ್ಲಿಯೂ ಜಾಗರೂಕತೆ ಬೇಕು. ಬೂದುಬಣ್ಣದ ಮಾಡ್ಯೂಲೂ ಕಪ್ಪುಬಣ್ಣದ ಮಾಡ್ಯೂಲೂ ರೂಪದಲ್ಲಿ ಒಂದೇ ಆದರೂ ಒಳಗಣ ವ್ಯವಸ್ಥೆ ಬೇರೆ. ಒಂದರ ಸ್ಥಾನದಲ್ಲಿ ಮತ್ತೊಂದನ್ನು ಹಾಕಕೂಡದು. ತೆಗೆದದ್ದು ಯಾವ ಬಣ್ಣವೆಂಬುದನ್ನು ನೋಡುವುದರ ಜೊತೆಗೆ, ಹಿಂದಿನ ಒಡೆಯನು ತಪ್ಪಾಗಿ ಹಾಕಿರಬಹುದಾದುದರಿಂದ, ಬಂಡಿಯ ವರ್ಷಕ್ಕೆ ತಕ್ಕದ್ದು ಯಾವುದೆಂದು ಕೈಪಿಡಿಯಲ್ಲಿಯೂ ನೋಡಬೇಕು. ಅದರ ತಿರುಪುಗಳಿಗೆ ೫.೫ ಮಿಲಿಮೀಟರಿನ ತೆಳ್ಳನೆಯ ಸಾಕೆಟ್ಟು ಬೇಕಾಗುವುದು. ಹೊಸದರ ಬೆನ್ನಿಗೆ ಶಾಖವನ್ನು ಸಾಗಿಸುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ, ಎಲ್ಲಿಯೂ ಬಿಡದೆ ಸವರಬೇಕು. ಈ ಗ್ರೀಸನ್ನು ಹಾಕದೆ ಬಿಗಿದರೆ ಮಾಡ್ಯೂಲಿನ ಶಾಖ ಹೊರಗೆ ಹೋಗುವ ದಾರಿ ಕಾಣದೆ ಹೊಸದೂ ಬೇಗನೆ ಹಳೆಯದರ ದಾರಿಯನ್ನೇ ಹಿಡಿಯುವುದು. ಬಂಡಿಯ ಚಕ್ರಕ್ಕೆ ಹಾಕುವ ಸಾಮಾನ್ಯ ಗ್ರೀಸು ಇದಕ್ಕೆ ಸಲ್ಲದು.

ಸಂವೇದಕವು ಕೆಟ್ಟಿದ್ದರೆ ಡಿಸ್ಟ್ರಿಬ್ಯೂಟರನ್ನೇ ಹೊರತೆಗೆದು, ಹಲ್ಲುಚಕ್ರದ ಪಿನ್ನನ್ನು ಹೊಡೆದು ಬಿಚ್ಚಬೇಕಾಗುವುದು. ಗೃಹಸ್ಥನಿಗೆ ಇದು ಎಟುಕುವ ಕೆಲಸವಲ್ಲದಿದ್ದರೆ ದುರಸ್ತಿಮಾಡಿದ ಡಿಸ್ಟ್ರಿಬ್ಯೂಟರನ್ನೇ ಕೊಳ್ಳುವುದು ವಿಹಿತ. ತೆಗೆಯುವ ಮೊದಲು ರೋಟರು ಯಾವ ಕಡೆಗೆ ಮುಖಮಾಡಿದೆ, ಡಿಸ್ಟ್ರಿಬ್ಯೂಟರಿನ ಮೈ ಯಾವ ಕೋನದಲ್ಲಿದೆ ಎಂಬೆರಡನ್ನೂ ಸುಣ್ಣದ ಕಡ್ಡಿಯಿಂದ ಗುರುತುಮಾಡಿಕೊಳ್ಳತಕ್ಕದ್ದು. ಆಮೇಲೆ ಸ್ಪೌಟ್ ಕೊಂಡಿಯನ್ನು ತೆಗೆದಿಟ್ಟು ಕಾಲದ ಮೂಲವನ್ನು ೧೦ ಡಿಗ್ರಿಗೆ ಹೊಂದಿಸಿ ಕೊಂಡಿಯನ್ನು ಮರಳಿ ಸಿಕ್ಕಿಸಬೇಕು. ಬಾನೆಟ್ಟಿನ ಕೆಳಗೆ ಅಂಟಿಸಿರುವ ಚೀಟಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಪ್ರಮಾಣ.

ಇಷ್ಟರಲ್ಲಿ ಯಾವುದು ತನ್ನ ಶಕ್ತಿಗೆ ಮೀರಿದ್ದೆಂದು ಕಂಡರೂ ಗೃಹಸ್ಥನು ಅಲ್ಲಿಗೇ ನಿಲ್ಲಬಹುದು, ಅದರಲ್ಲಿ ನಾಚಿಕೆಯಿಲ್ಲ. ಆದರೆ ಮೆಕ್ಯಾನಿಕ್ಕಿನ ಬಳಿಗೆ ಹೋಗುವಾಗ ಬರಿಗೈಯಲ್ಲಿ ಹೋಗದೆ, ಒಂದು ಕಾಗದದಲ್ಲಿ ಇಷ್ಟನ್ನಾದರೂ ಬರೆದುಕೊಂಡು ಹೋಗಲಿ: ಕಾಯಿಲಿನ ತಂತಿಯಲ್ಲಿ ಕಿಡಿಯಿದೆಯೇ ಇಲ್ಲವೇ, ಧನಧ್ರುವದಲ್ಲಿ ದೀಪ ಉರಿಯಿತೇ, ಋಣಧ್ರುವದಲ್ಲಿ ಮಿನುಗಿತೇ, ಇಂಜೆಕ್ಟರಿನ ದೀಪ ಮಿನುಗಿತೇ, ಎಂಜಿನ್ನು ಬಿಸಿಯಾಗಿತ್ತೇ ತಣ್ಣಗಿತ್ತೇ. ಈ ಐದು ಸಾಲುಗಳನ್ನು ಮುಂದಿಟ್ಟು, ಯಾವ ಭಾಗವನ್ನು ಏಕೆ ಬದಲಾಯಿಸುತ್ತೀರಿ ಎಂದು ವಿನಯದಿಂದ ಕೇಳಿದರೆ ಒಳ್ಳೆಯ ಕೆಲಸಗಾರನು ಸಂತೋಷದಿಂದ ಉತ್ತರ ಕೊಡುತ್ತಾನೆ. ಉತ್ತರ ಕೊಡದವನಲ್ಲಿ ಬಂಡಿಯನ್ನು ಬಿಡುವುದು ಬೇಡ. ಕಾರಣವು ಗೊತ್ತಾಗಿ ದುರಸ್ತಿಯಾಗುವವರೆಗೆ, ಒಮ್ಮೆ ತಾನಾಗಿಯೇ ನಿಂತ ಬಂಡಿಯನ್ನು ಹೆದ್ದಾರಿಗೆ ಇಳಿಸತಕ್ಕದ್ದಲ್ಲ. ಈಗ ಹೊರಡುತ್ತಿದೆಯಲ್ಲಾ ಎಂಬ ಸಮಾಧಾನವನ್ನು ನಂಬಿ ಮನೆಯವರನ್ನು ಅದರಲ್ಲಿ ಕಳುಹಿಸಬಾರದು. ಅದುವರೆಗೆ ನಾಲ್ಕು ದಿನ ಬಾಡಿಗೆಯ ಕಾರಿಗೆ ಹಣ ಹೋದರೂ ಅದನ್ನು ದುಂದೆಂದು ಎಣಿಸಬೇಕಾಗಿಲ್ಲ.